ಮೊಟ್ಟೆಗಿಂತ ಮೊದಲು ಸೊಪ್ಪು

ಹೊತ್ತು ಮೂಡುವ ವೇಳೆಗೆ ಕಪ್ಪು ಕಾಗದ ಬಿಚ್ಚಬೇಕು. ಎರಡು ದಿನದಿಂದ ಕತ್ತಲಲ್ಲಿದ್ದ ಮೊಟ್ಟೆ ಹಾಳೆಗೆ ಬೆಳಕು ತಾಗಿ ಗಂಟೆ ಕಳೆಯುವುದರೊಳಗೆ ಹಾಳೆಯ ಮೇಲೆ ಏನೋ ಮಿಸುಕಾಡತೊಡಗುತ್ತದೆ. ಮೊದಲು ಒಂದು, ಆಮೇಲೆ ಹತ್ತು, ನೋಡುನೋಡುತ್ತಿದ್ದಂತೆ ನೂರಾರು. ಕ್ಷೌರದಂಗಡಿಯ ನೆಲಕ್ಕೆ ಬಿದ್ದ ಕೂದಲ ತುಣುಕುಗಳಿಗೆ ಜೀವ ಬಂದಂತೆ, ಮೂರು ಮಿಲಿಮೀಟರ್ ಉದ್ದದ ಕಪ್ಪು ಮರಿಗಳು ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತವೆ. ಅವು ಹುಡುಕುತ್ತಿರುವುದು ಸೊಪ್ಪನ್ನು. ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆಯ ಎಳೆ ಸೊಪ್ಪನ್ನು ಮೇಲೆ ಉದುರಿಸಿದರೆ ಸಾಕು, ಒಂದೊಂದೇ ಹತ್ತಿ ಬಂದು ಚೂರಿನ ಅಂಚಿಗೆ ಬಾಯಿ ಇಡುತ್ತವೆ. ಹುಳು ಹತ್ತಿದ ಸೊಪ್ಪನ್ನು ಮೆಲ್ಲಗೆ ತಟ್ಟೆಗೆ ಇಳಿಸಿಕೊಳ್ಳುವ ಈ ಕೆಲಸಕ್ಕೆ ರೇಷ್ಮೆ ಸೀಮೆಯಲ್ಲಿ ಚಾಕಿ ಕಟ್ಟುವುದು ಎನ್ನುತ್ತಾರೆ.

ಶಿಡ್ಲಘಟ್ಟ, ವಿಜಯಪುರ, ರಾಮನಗರ, ಮಾಗಡಿ, ಕುಣಿಗಲ್ ಕಡೆಯ ಹಳ್ಳಿ ಮನೆಗಳಲ್ಲಿ ಹಿಂದೆ ಇಂಥ ಬೆಳಗು ವರ್ಷಕ್ಕೆ ನಾಲ್ಕೈದು ಸಲ ಬರುತ್ತಿತ್ತು. ಮನುಷ್ಯರು ಮಲಗುವ ಸೂರಿನಡಿಯಲ್ಲೇ ಬಿದಿರಿನ ತಟ್ಟೆಗಳ ಅಟ್ಟಣೆ. ಅಟ್ಟಣೆಯ ನಾಲ್ಕು ಕಾಲಿನ ಕೆಳಗೂ ಇರುವೆ ಹತ್ತದಂತೆ ನೀರು ತುಂಬಿದ ಬಟ್ಟಲು. ಈಗ ಬಹುಪಾಲು ರೈತರು ಮೊಟ್ಟೆಯನ್ನು ಮನೆಗೆ ತರುವುದಿಲ್ಲ. ಚಾಕಿ ಕೇಂದ್ರದಲ್ಲಿ ಮರಿಯಾಗಿ, ಎರಡನೇ ಜ್ವರ, ಅಂದರೆ ಎರಡನೇ ಸಲ ಚರ್ಮ ಕಳಚುವುದನ್ನು, ಮುಗಿಸಿದ ಹುಳುವನ್ನೇ ಕೊಂಡು ತಂದು ಮೇಯಿಸುತ್ತಾರೆ. ಎಳೆಯ ಹುಳುವಿಗೆ ಬೇಕಾದ ಬಿಸುಪು, ತೇವ, ಹದವಾದ ಸೊಪ್ಪು ಮೂರನ್ನೂ ಒಂದೇ ಕಡೆ ಸರಿಯಾಗಿ ಒದಗಿಸಿದರೆ ಬೆಳೆ ಕೈಕೊಡುವ ಭಯ ಕಡಿಮೆ. ರೈತನ ಲೆಕ್ಕಕ್ಕೆ ಅದು ಒಳ್ಳೆಯದೇ. ಆದರೆ ಮೊಟ್ಟೆ ಒಡೆಯುವ ಆ ಬೆಳಗನ್ನು ಕಣ್ಣಾರೆ ಕಾಣುವವರು ಕಡಿಮೆಯಾಗಿದ್ದಾರೆ.

ಮನೆಯಲ್ಲಿ ಒಂದು ಪತಂಗವನ್ನು ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಸಿ ನೋಡಬೇಕೆನ್ನುವವರಿಗೆ ರೇಷ್ಮೆ ಹುಳುವಿಗಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ನಾವು ರೇಷ್ಮೆ ಹುಳು ಎನ್ನುವುದು ಬಾಂಬಿಕ್ಸ್ ಮೋರಿ ಎಂಬ ಪತಂಗದ ಮರಿ. ಚೀನಾದಲ್ಲಿ ಸಾವಿರಾರು ವರ್ಷಗಳ ಹಿಂದೆ ಮನುಷ್ಯರ ಕೈಸೇರಿದ ಈ ಜೀವ ಮನೆವಾಸಕ್ಕೆ ಎಷ್ಟು ಒಗ್ಗಿದೆಯೆಂದರೆ, ತಟ್ಟೆಗೆ ಮುಚ್ಚಳವೇ ಬೇಡ. ಮರಿ ಮೇವು ಹುಡುಕಿಕೊಂಡು ದೂರ ಹೋಗುವುದಿಲ್ಲ, ಪತಂಗಕ್ಕೆ ರೆಕ್ಕೆ ಇದ್ದರೂ ಹಾರಲಾರದು. ಕಚ್ಚುವುದಿಲ್ಲ, ಮೈಗೆ ತಾಗಿದರೆ ತುರಿಸುವುದಿಲ್ಲ. ಸಣ್ಣ ಮಕ್ಕಳೂ ಅಂಗೈ ಮೇಲೆ ಬಿಟ್ಟುಕೊಳ್ಳಬಹುದು.

ಬೇಕಾಗುವ ಸಾಮಾನೂ ಹೆಚ್ಚಿಲ್ಲ. ಒಂದು ಚಪ್ಪಲಿ ಡಬ್ಬಿ, ಹಳೆಯ ದಿನಪತ್ರಿಕೆ, ಚಾಕು, ಒದ್ದೆ ಬಟ್ಟೆ. ಇವೆಲ್ಲಕ್ಕೂ ಮುಂಚೆ ನಡೆದುಹೋಗುವಷ್ಟು ದೂರದಲ್ಲಿ ಒಂದು ಹಿಪ್ಪುನೇರಳೆ ಗಿಡ. ಅನೇಕರು ಎಡವುವುದು ಇಲ್ಲಿಯೇ. ಮೊಟ್ಟೆಯನ್ನು ಸಂಭ್ರಮದಿಂದ ತಂದುಬಿಡುತ್ತಾರೆ, ಮರಿಯಾದ ಮೇಲೆ ಸೊಪ್ಪಿಗೆ ಬೀದಿ ಸುತ್ತುತ್ತಾರೆ.

ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪು ಸುಮಾರು 20ರಿಂದ 25 ಗ್ರಾಂ. ಐವತ್ತು ಹುಳುವಿಗೆ ಒಂದೂಕಾಲು ಕಿಲೋ ಎಂದುಕೊಂಡರೆ ಸುಲಭ ಅನ್ನಿಸಬಹುದು. ಆದರೆ ಅದರಲ್ಲಿ ನೂರಕ್ಕೆ 80 ಪಾಲಿಗೂ ಮಿಕ್ಕಿ ಖರ್ಚಾಗುವುದು ಕೊನೆಯ ಒಂದು ವಾರದಲ್ಲಿ. ಒಂದು ತಾಯಿ ಪತಂಗ ಇಡುವ ಮೊಟ್ಟೆ 400ರಿಂದ 500. ಅಷ್ಟನ್ನೂ ಸಾಕುತ್ತೇನೆಂದು ಹೊರಟರೆ ಕೊನೆಗೆ ಬೇಕಾಗುವುದು ಹತ್ತು ಕಿಲೋ ಸೊಪ್ಪು. ಹೊಸಬರು ಮೂವತ್ತು ನಲವತ್ತು ಹುಳುವಿನಲ್ಲಿ ನಿಲ್ಲುವುದೇ ಸರಿ.

ಸೊಪ್ಪು ಸಾಲದೇ ಹೋದರೆ ಬೇರೆ ಎಲೆ ಹಾಕಬಹುದಲ್ಲ ಎಂದು ಮಕ್ಕಳು ಕೇಳುತ್ತಾರೆ. ಹಾಕಿ ನೋಡಿದವರಿಗೆ ಉತ್ತರ ಗೊತ್ತು. ಹಸಿದು ಒಣಗಿದರೂ ಹುಳು ಬಹುತೇಕ ಯಾವ ಎಲೆಗೂ ಬಾಯಿ ಇಡುವುದಿಲ್ಲ. ಹಿಪ್ಪುನೇರಳೆಯ ಮೇಲಿನ ಈ ಹಟ ಎಲ್ಲಿಂದ ಬಂತು ಎಂಬುದನ್ನು ಚೀನಾದ ವಿಜ್ಞಾನಿಗಳು 2019ರಲ್ಲಿ ತೋರಿಸಿಕೊಟ್ಟರು. ಹುಳುವಿನ ಬಾಯಿಯಲ್ಲಿ ಕಹಿ ರುಚಿಯನ್ನು ಗುರುತಿಸಲು ನೆರವಾಗುವ ಜಿಆರ್66 ಎಂಬ ಒಂದು ಜೀನನ್ನು ಅವರು ಕೆಡಿಸಿದರು. ಅಂಥ ಹುಳುಗಳು ಓಕ್ ಮರದ ಎಲೆಯನ್ನೂ ತಿಂದವು, ಸೇಬಿನಂಥ ಹಣ್ಣು, ಕಾಳುಗಳಿಗೂ ಬಾಯಿ ಹಾಕಿದವು. ಅಂದರೆ ಉಳಿದ ಎಲೆಗಳನ್ನು ಹುಳು ದೂರ ಇಡುತ್ತಿದ್ದುದು ಬಹುಮಟ್ಟಿಗೆ ಈ ಒಂದು ನಾಲಗೆಯ ಕಾವಲಿನಿಂದ. ಮಾಮೂಲಿ ಹುಳುವಿನಲ್ಲಿ ಆ ಕಾವಲು ಗಟ್ಟಿಯಾಗಿಯೇ ಇರುತ್ತದೆ.

ಹುಳುವಿಗೂ ಗಿಡಕ್ಕೂ ಇರುವ ಈ ನಂಟನ್ನು ಮೊದಲು ಗಮನವಿಟ್ಟು ಚಿತ್ರಿಸಿದವರಲ್ಲಿ ಒಬ್ಬಳು ಹುಳುಗಳನ್ನು ಮನೆಯಲ್ಲೇ ಸಾಕುತ್ತಿದ್ದ ಹುಡುಗಿ. ಮರಿಯಾ ಸಿಬಿಲ್ಲಾ ಮೇರಿಯನ್ ಹುಟ್ಟಿದ್ದು 1647ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಹದಿಮೂರರ ವಯಸ್ಸಿಗೆ ರೇಷ್ಮೆ ಹುಳು ಸಾಕತೊಡಗಿದಳು. ಹುಳಹುಪ್ಪಟೆಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿಯೇ ಹುಟ್ಟುತ್ತವೆ ಎಂದು ಜನ ನಂಬಿದ್ದ ಕಾಲ ಅದು. ಮೊಟ್ಟೆ ಮರಿಯಾಗುವುದನ್ನು, ಮರಿ ಗೂಡು ಕಟ್ಟುವುದನ್ನು, ಗೂಡಿನಿಂದ ಪತಂಗ ಬರುವುದನ್ನು ಕಣ್ಣೆದುರೇ ಕಂಡವಳಿಗೆ ಆ ಮಾತು ರುಚಿಸಲಿಲ್ಲ. ಸಿಕ್ಕ ಸಿಕ್ಕ ಹುಳುಗಳನ್ನೆಲ್ಲ ತಂದು, ಅವುಗಳ ಸೊಪ್ಪು ಹುಡುಕಿ ಹಾಕಿ, ವರ್ಷಗಟ್ಟಲೆ ಸಾಕಿದಳು. 1679ರಲ್ಲಿ ಬಂದ ಆಕೆಯ ಕಂಬಳಿಹುಳು ಪುಸ್ತಕದಲ್ಲಿ 50 ಚಿತ್ರಫಲಕಗಳಿವೆ. ಮೊದಲನೆಯದೇ ಹಿಪ್ಪುನೇರಳೆಯ ಮೇಲಿನ ರೇಷ್ಮೆ ಹುಳು. ಹುಳುವಿನ ಬಾಳಿನ ಹಂತಗಳನ್ನು ಅದು ತಿನ್ನುವ ಗಿಡದ ಜೊತೆಗೇ ಕೂರಿಸಿದ್ದು ಆಕೆಯ ಹೆಚ್ಚುಗಾರಿಕೆ. 52ನೇ ವಯಸ್ಸಿನಲ್ಲಿ ಕಿರಿಯ ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದದ್ದೂ ಅಲ್ಲಿನ ಹುಳುಗಳನ್ನೂ ಗಿಡಗಳನ್ನೂ ಹೀಗೆಯೇ ಒಟ್ಟಿಗೆ ನೋಡಲೆಂದು.

ಸೊಪ್ಪು ಖಾತ್ರಿಯಾದ ಮೇಲೆ ಮೊಟ್ಟೆಯ ಮಾತು. ಗಸಗಸೆ ಕಾಳಿಗಿಂತ ತುಸು ದೊಡ್ಡದು, ನಡುವೆ ಚಪ್ಪಟೆ. ರೇಷ್ಮೆ ಇಲಾಖೆಯ ಬಿತ್ತನೆ ಕೋಠಿಗಳಲ್ಲಿ ತಯಾರಾಗುವ ರೋಗವಿಲ್ಲದ ಮೊಟ್ಟೆಯಿಂದ ಶುರು ಮಾಡುವುದು ಜಾಣತನ. ತಂದ ಮೊಟ್ಟೆಯನ್ನು ಹೆಚ್ಚುಕಡಿಮೆ 25 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ, ಒಣಗದಂಥ ಜಾಗದಲ್ಲಿ ಇಟ್ಟರೆ ಸುಮಾರು ಹತ್ತು ದಿನಕ್ಕೆ ಮರಿಯಾಗುತ್ತದೆ. ಫ್ರಿಜ್ಜಿನ ಮೇಲಿನ ಬಿಸಿ ಜಾಗ, ಕಿಟಕಿಯ ಬಿಸಿಲು, ಫ್ಯಾನಿನ ಗಾಳಿ ಮೂರೂ ಬೇಡ.

ಮರಿಯಾಗಲು ಎರಡು ದಿನವಿದೆ ಎನ್ನುವಾಗ ಪ್ರತಿ ಮೊಟ್ಟೆಯಲ್ಲೂ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುತ್ತದೆ. ಅದು ಮರಿಯ ತಲೆ. ಮರುದಿನಕ್ಕೆ ಮೊಟ್ಟೆಯೆಲ್ಲ ನೀಲಿಗಟ್ಟುತ್ತದೆ. ಚುಕ್ಕೆ ಕಂಡಾಗಲೇ ಕಪ್ಪು ಕಾಗದದಲ್ಲಿ ಸುತ್ತಿಡಬೇಕು. ಹೀಗೆ ಕತ್ತಲಲ್ಲಿಟ್ಟರೆ ಮುಂದೆ ಓಡುವ ಮೊಟ್ಟೆಗಳು ತಡೆದು ನಿಲ್ಲುತ್ತವೆ, ಹಿಂದೆ ಬಿದ್ದವು ಬಂದು ಕೂಡಿಕೊಳ್ಳುತ್ತವೆ; ಬೆಳಕು ಬಿಟ್ಟಾಗ ಒಟ್ಟಿಗೇ ಒಡೆಯುತ್ತವೆ. ಈ ಒಗ್ಗಟ್ಟು ಯಾಕೆ ಮುಖ್ಯ ಎಂಬುದು ಮುಂದೆ ಜ್ವರದ ಹೊತ್ತಿಗೆ ತಿಳಿಯುತ್ತದೆ.

ಕೆಲವು ಸಲ ಮೊಟ್ಟೆ ಹಳದಿಯಿಂದ ಬೂದು ಬಣ್ಣಕ್ಕೆ ತಿರುಗಿ ತಿಂಗಳಾದರೂ ಒಡೆಯುವುದಿಲ್ಲ. ಕೆಟ್ಟುಹೋಯಿತೆಂದು ಬಿಸಾಡುವವರಿದ್ದಾರೆ. ಅದು ಸತ್ತಿಲ್ಲ, ಮಲಗಿದೆ. ಚಳಿ ದೇಶಗಳಿಂದ ಬಂದ, ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿ ಹುಳುಗಳ ಮೊಟ್ಟೆ ಚಳಿಗಾಲ ಕಳೆಯುವವರೆಗೆ ಹೀಗೆ ನಿದ್ದೆ ಹೋಗುತ್ತದೆ. ಕೋಠಿಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಎಬ್ಬಿಸುತ್ತಾರೆ. ನಮ್ಮ ನೆಲದ ಮೈಸೂರು ತಳಿಗೆ ಈ ನಿದ್ದೆಯ ರೂಢಿಯಿಲ್ಲ. ವರ್ಷವಿಡೀ ಸೊಪ್ಪು ಚಿಗುರುವ ನಾಡಿನಲ್ಲಿ ಬೆಳೆದುಬಂದ ಹಸಿರು ಮಿಶ್ರಿತ ಹಳದಿ ಗೂಡಿನ ಈ ತಳಿ ಮೊಟ್ಟೆಯಿಟ್ಟ ಹತ್ತು ದಿನಕ್ಕೆ ಮತ್ತೆ ಮರಿಯಾಗುತ್ತದೆ.

ಮೊದಲ ಎರಡು ಹಂತದ ಹುಳುವೇ ಚಾಕಿ. ಇದಕ್ಕೆ ಬೇಕಾದದ್ದು ಗಿಡದ ತುದಿಯ ಎಳೆ ಎಲೆ, ಅದೂ ಬೆಳಗಿನ ತಂಪಿನಲ್ಲಿ ಕಿತ್ತದ್ದು, ಅರ್ಧ ಸೆಂಟಿಮೀಟರಿನಷ್ಟು ಚೌಕಕ್ಕೆ ಹೆಚ್ಚಿದ್ದು. ಎಳೆ ಹುಳುವಿಗೆ ಬಲಿತ ಎಲೆ ಕೊಟ್ಟರೆ ಅಂಚು ಕಚ್ಚಲಾರದೆ ಸೊರಗುತ್ತದೆ. ಬಿಸುಪು 26ರಿಂದ 28 ಡಿಗ್ರಿ, ಗಾಳಿಯಲ್ಲಿ ತೇವ ಶೇಕಡ 85ರ ಆಸುಪಾಸು ಇದ್ದರೆ ಚೆನ್ನ. ಹೆಚ್ಚಿದ ಸೊಪ್ಪು ಬೇಗ ಬಾಡುವುದರಿಂದ ಮೇಲೊಂದು ಮೇಣದ ಕಾಗದ ಮುಚ್ಚುತ್ತಾರೆ. ಈ ಹಂತದಲ್ಲಿ ಕೈಯಿಂದ ಹುಳು ಎತ್ತುವುದು ಬೇಡವೇ ಬೇಡ. ಬೇರೆಡೆಗೆ ಸಾಗಿಸಬೇಕೆಂದರೆ ಹೊಸ ಸೊಪ್ಪಿನ ಮೇಲೆ ಹತ್ತಿಸಿಕೊಂಡು ಸೊಪ್ಪಿನ ಸಮೇತ ಎತ್ತಬೇಕು, ಇಲ್ಲವೇ ಮೆತ್ತನೆಯ ಕುಂಚ ಬಳಸಬೇಕು.

ಮೂರು ನಾಲ್ಕು ದಿನ ಬಿಡದೆ ತಿಂದ ಹುಳು ಒಂದು ದಿನ ಇದ್ದಕ್ಕಿದ್ದಂತೆ ಮೇವು ಬಿಡುತ್ತದೆ. ಮೈ ಬಿಗಿದು ಹೊಳೆಯುತ್ತದೆ. ಮುಂಭಾಗ ಎತ್ತಿ, ಏನನ್ನೋ ನೆನೆಯುತ್ತಾ ಕೂತಂತೆ ಅಲ್ಲಾಡದೆ ಕೂರುತ್ತದೆ. ಮೊದಲ ಸಲ ಸಾಕುವವರು ಹುಳುವಿಗೆ ಕಾಯಿಲೆಯಾಯಿತೆಂದು ಗಾಬರಿಯಾಗುವುದು ಸಹಜ. ನಮ್ಮ ರೈತರು ಇಟ್ಟ ಹೆಸರೂ ಅದನ್ನೇ ಹೇಳುತ್ತದೆ: ಜ್ವರ. ಹುಳು ಜ್ವರಕ್ಕೆ ಕೂತಿದೆ, ಜ್ವರದಿಂದ ಎದ್ದಿದೆ ಎನ್ನುತ್ತಾರೆ. ಬಿಗಿಯಾದ ಹಳೆಯ ಚರ್ಮ ಕಳಚಿ ಸಡಿಲವಾದ ಹೊಸದನ್ನು ತೊಡುವ ಹೊತ್ತು ಅದು. ಇಂಥ ನಾಲ್ಕು ಜ್ವರ, ಐದು ಹಂತ.

ಭೂತಗನ್ನಡಿ ಹಿಡಿದು ನೋಡಿದರೆ ಈ ಒಂದು ದಿನದ ಕೆಲಸ ಬೆರಗು ಹುಟ್ಟಿಸುತ್ತದೆ. ಹುಳು ಮೊದಲು ತೆಳ್ಳಗೆ ರೇಷ್ಮೆಯೆಳೆ ಬಿಟ್ಟು ಹಿಂಗಾಲುಗಳನ್ನು ಹಾಸಿಗೆಗೆ ಭದ್ರ ಮಾಡಿಕೊಳ್ಳುತ್ತದೆ. ಹಳೆಯ ತಲೆಯ ಹಿಂದೆಯೇ ಕಂದು ಬಣ್ಣದ ತ್ರಿಕೋನವೊಂದು ಕಾಣಿಸುತ್ತದೆ. ಅದು ಬೆಳೆಯುತ್ತಿರುವ ಹೊಸ ತಲೆ. ಹೊತ್ತು ಬಂದಾಗ ಚರ್ಮ ಕತ್ತಿನ ಹತ್ತಿರ ಬಿರಿಯುತ್ತದೆ. ಕಟ್ಟಿಕೊಂಡ ಹಿಂಗಾಲಿನ ಆಸರೆಯಲ್ಲಿ ಹುಳು ಮುಂದಕ್ಕೆ ಸರಿದು, ಕಾಲುಚೀಲ ಕಳಚಿದಂತೆ ಹಳೆಯ ಚರ್ಮದಿಂದ ಹೊರಬರುತ್ತದೆ. ಮೂತಿಗೆ ಅಂಟಿದ ಹಳೆಯ ತಲೆಚಿಪ್ಪು ಪುಟ್ಟ ಟೋಪಿಯಂತೆ ಕೊನೆಗೆ ಕಳಚಿ ಬೀಳುತ್ತದೆ. ಹೊಸ ತಲೆ ಹಳೆಯದಕ್ಕಿಂತ ಎಷ್ಟೋ ದೊಡ್ಡದು.

ಜ್ವರಕ್ಕೆ ಕೂತ ಹುಳುವನ್ನು ಮುಟ್ಟಿದರೆ, ಕಟ್ಟಿದ ಎಳೆ ಕಿತ್ತುಹೋಗಿ ಚರ್ಮ ಕಳಚಲಾರದೆ ಸಾಯುತ್ತದೆ. ಹಾಗಾಗಿ ಆ ದಿನ ತಟ್ಟೆಯ ತಂಟೆಗೆ ಹೋಗಬಾರದು. ಹಾಸಿಗೆ ಒಣಗಿರಲೆಂದು ರೈತರು ಮೇಲೆ ತೆಳುವಾಗಿ ಸುಣ್ಣದ ಪುಡಿ ಉದುರಿಸುತ್ತಾರೆ. ಮೊದಲು ಎದ್ದ ನಾಲ್ಕು ಹುಳು ಹಸಿದು ತಲೆ ಆಡಿಸುತ್ತಿವೆಯೆಂದು ಮರುಗಿ ಸೊಪ್ಪು ಹಾಕಿದರೆ, ಅವು ಮುಂದೆ ಓಡುತ್ತವೆ, ಮಲಗಿದವು ಸೊಪ್ಪಿನಡಿ ಮುಚ್ಚಿಹೋಗುತ್ತವೆ. ಅಲ್ಲಿಂದ ಮುಂದೆ ಒಂದೇ ತಟ್ಟೆಯಲ್ಲಿ ಕೆಲವು ಜ್ವರದಲ್ಲಿ, ಕೆಲವು ಮೇವಿನಲ್ಲಿ. ಬಹುತೇಕ ಎಲ್ಲವೂ ಎದ್ದ ಮೇಲೆ ಒಟ್ಟಿಗೇ ಬಡಿಸುವುದು ರೂಢಿ. ಮೊಟ್ಟೆಯನ್ನು ಕಪ್ಪು ಕಾಗದದಲ್ಲಿ ಕಟ್ಟಿಟ್ಟದ್ದು ಈ ಪಂಕ್ತಿ ಮುರಿಯಬಾರದೆಂದೇ.

ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವಿಗೆ ಹೋಲಿಕೆ ಕಷ್ಟ. ಮುಂದಿನ ಏಳೆಂಟು ದಿನ ಹಗಲಿರುಳು ತಿನ್ನುವುದೊಂದೇ ಕೆಲಸ. ಹುಟ್ಟಿದಾಗ ಅರ್ಧ ಮಿಲಿಗ್ರಾಂ ಕೂಡ ತೂಗದಿದ್ದ ಮರಿ ನಾಲ್ಕೈದು ಗ್ರಾಂ ಆಗುತ್ತದೆ. ಮೂರುವರೆ ವಾರದಲ್ಲಿ ಹತ್ತು ಸಾವಿರ ಪಟ್ಟು. ಈಗ ಸೊಪ್ಪು ಹೆಚ್ಚುವ ಅಗತ್ಯವಿಲ್ಲ, ಬಲಿತ ಎಲೆಯೇ ಬೇಕು. ಹುಳು ಮನೆಗಳಲ್ಲಿ ರೆಂಬೆಗಳನ್ನೇ ತಂದು ಹಾಸುತ್ತಾರೆ. ಹುಳು ಎಲೆಯ ಅಂಚನ್ನು ಮುಂಗಾಲಿನಲ್ಲಿ ಹಿಡಿದು, ತಲೆಯನ್ನು ಮೇಲಿನಿಂದ ಕೆಳಗೆ ತಂದು, ಮತ್ತೆ ಮೇಲಕ್ಕೆ ಒಯ್ದು, ಕುಡುಗೋಲು ಆಡಿಸಿದಂತೆ ಬಾಗಿಬಾಗಿ ಕತ್ತರಿಸುತ್ತದೆ. ಹತ್ತು ಹುಳುವಿದ್ದ ಡಬ್ಬಿಗೆ ಕಿವಿಯಿಟ್ಟರೂ ಆ ಕರಕರ ಕೇಳುತ್ತದೆ.

ತಿಂದಷ್ಟೂ ಹಿಕ್ಕೆ. ಹಿಕ್ಕೆಯೆಂದು ಮೂಗು ಮುರಿಯಬಾರದು, ಹುಳುವಿನ ಆರೋಗ್ಯದ ಮೊದಲ ವರದಿ ಅದು. ಆರು ಗೀರಿನ ಪುಟ್ಟ ಕಾಳಿನಂತೆ ಗಟ್ಟಿಯಾಗಿ, ಒಣಗಿ, ಕಪ್ಪಗಿದ್ದರೆ ಎಲ್ಲ ಸರಿಯಿದೆ. ನೀರಾಗಿ ತಟ್ಟೆಗೆ ಅಂಟಿದರೆ ಎಚ್ಚರವಾಗಬೇಕು. ಸೊಪ್ಪು ಒದ್ದೆಯಿದ್ದಿರಬಹುದು, ಹಾಸಿಗೆ ಹುದುಗಿರಬಹುದು, ರೋಗ ಕಾಲಿಟ್ಟಿರಬಹುದು.

ರೋಗಗಳಿಗೆ ನಮ್ಮವರು ಕಣ್ಣಿಗೆ ಕಂಡಂತೆ ಹೆಸರಿಟ್ಟಿದ್ದಾರೆ. ಮೈ ಊದಿ, ಚರ್ಮ ಒಡೆದು ಹಾಲಿನಂಥ ರಸ ಸೋರಿದರೆ ಹಾಲುತೊಂಡೆ. ಮೇವು ಬಿಟ್ಟು ಸಪ್ಪಗೆ ಬಿದ್ದರೆ ಸಪ್ಪೆ ರೋಗ. ಬೂಷ್ಟು ತಗುಲಿ ಸತ್ತು ಸುಣ್ಣ ಬಳಿದ ಕಡ್ಡಿಯಂತೆ ಸೆಟೆದರೆ ಸುಣ್ಣಕಟ್ಟು. ಮನೆಯಲ್ಲಿ ಸಾಕುವವರಿಗೆ ಇವುಗಳಿಗೆ ಕೊಡುವ ಔಷಧಿಗಿಂತ ಬಾರದಂತೆ ನೋಡಿಕೊಳ್ಳುವ ದಾರಿಯೇ ಹತ್ತಿರ. ಸೊಪ್ಪು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು, ಸೊಪ್ಪಿನ ನೀರು ಆರಿದ ಮೇಲಷ್ಟೇ ಹಾಕುವುದು, ದಿನಕ್ಕೊಮ್ಮೆ ಕಾಗದ ಬದಲಿಸುವುದು, ಸೊರಗಿದ ಹುಳುವನ್ನು ಆ ಕ್ಷಣವೇ ಬೇರ್ಪಡಿಸುವುದು. ಇದರ ಜೊತೆಗೆ ಪಟ್ಟಣದ ಮನೆಗಳಿಗೇ ಮೀಸಲಾದ ಒಂದು ಅಪಾಯವಿದೆ: ಸೊಳ್ಳೆ ಬತ್ತಿ, ಗೋಡೆಗೆ ಚುಚ್ಚುವ ಸೊಳ್ಳೆ ದ್ರವ. ಸೊಳ್ಳೆಗೆ ಆಗದ್ದು ಹುಳುವಿಗೂ ಆಗದು. ರಸ್ತೆ ಬದಿಯ ಗಿಡಕ್ಕೆ ಔಷಧಿ ಹೊಡೆದಿದ್ದಾರೆಯೇ ಎಂದು ಕೇಳದೆ ಸೊಪ್ಪು ತರುವುದೂ ಅಷ್ಟೇ ಅಪಾಯ. ಹೊಗೆಸೊಪ್ಪಿನ ಹೊಲದ ಪಕ್ಕದ ಹಿಪ್ಪುನೇರಳೆಯನ್ನು ಹುಳುವಿಗೆ ಹಾಕಬೇಡಿ ಎಂದು ರೈತರಿಗೆ ಹೇಳುವುದು ನಿಕೋಟಿನ್ ಹುಳುವಿಗೆ ವಿಷವೆಂಬ ಕಾರಣಕ್ಕೆ.

ನಾಲ್ಕನೆಯ ರೋಗ ಗಂಟುರೋಗ. ತಾಯಿಯಿಂದ ಮೊಟ್ಟೆಗೆ ದಾಟುವ ಈ ರೋಗ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ರೇಷ್ಮೆ ಕಸುಬನ್ನೇ ನೆಲಕ್ಕೆ ಕೆಡವಿತ್ತು. 1865ರಲ್ಲಿ ಪರಿಹಾರ ಹುಡುಕಲು ಹೊರಟ ಲೂಯಿ ಪಾಶ್ಚರ್ ಅದುವರೆಗೆ ರೇಷ್ಮೆ ಹುಳು ಸಾಕಿದವನಲ್ಲ. ಅವಿನ್ಯಾನ್‌ನಲ್ಲಿ ಕೀಟಗಳ ಬಗ್ಗೆ ಬರೆಯುತ್ತಿದ್ದ ಶಿಕ್ಷಕ ಜಾನ್ ಆನ್ರಿ ಫಾಬ್ರ್ ಮನೆಗೆ ಹೋಗಿ, ಗೂಡೊಂದನ್ನು ಕೈಗೆತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಅಚ್ಚರಿಪಟ್ಟದ್ದನ್ನು ಫಾಬ್ರ್ ಮುಂದೆ ದಾಖಲಿಸಿದ್ದಾನೆ. ಅಷ್ಟರಿಂದ ಶುರು ಮಾಡಿದ ಪಾಶ್ಚರ್ ಕಂಡುಕೊಂಡ ದಾರಿ ಸರಳ. ಪ್ರತಿ ತಾಯಿ ಪತಂಗಕ್ಕೂ ಬೇರೆ ಬೇರೆಯಾಗಿ ಮೊಟ್ಟೆ ಇಡಿಸುವುದು; ಆಮೇಲೆ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುವುದು; ರೋಗದ ಕಣ ಕಂಡರೆ ಆ ತಾಯಿಯ ಮೊಟ್ಟೆ ಸುಟ್ಟುಬಿಡುವುದು. ನೂರೈವತ್ತು ವರ್ಷ ಕಳೆದರೂ ನಮ್ಮ ಬಿತ್ತನೆ ಕೋಠಿಗಳು ಇದನ್ನೇ ಪಾಲಿಸುತ್ತಿವೆ. ರೋಗವಿಲ್ಲದ ಮೊಟ್ಟೆ ಎಂಬ ಮಾತಿನ ಹಿಂದಿರುವುದು ಈ ಪರೀಕ್ಷೆ.

ಇನ್ನೊಂದು ಶತ್ರು ಹಾರಿಬರುತ್ತದೆ. ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟದ್ದು 1980ರಲ್ಲಿ, ಪಶ್ಚಿಮ ಬಂಗಾಳದ ಕಡೆಯಿಂದ. ಬೆಳೆದ ಹುಳುವಿನ ಮೈಮೇಲೆ ಮೊಟ್ಟೆ ಅಂಟಿಸಿ ಹೋಗುತ್ತದೆ; ಅದರ ಮರಿ ಹುಳುವಿನೊಳಗೆ ಇಳಿದು ತಿಂದು ಬೆಳೆಯುತ್ತದೆ. ಹುಳುವಿನ ಮೇಲೆ ಸಣ್ಣ ಕಪ್ಪು ಕಲೆ ಕಂಡರೆ ಊಜಿ ಹೊಕ್ಕಿದೆಯೆಂದೇ ಅರ್ಥ. ಹುಳು ಮನೆಯ ಕಿಟಕಿಗಳಿಗೆಲ್ಲ ನೈಲಾನ್ ಪರದೆ ಬಂದದ್ದು ಈ ನೊಣದಿಂದ. ಮನೆಯ ಡಬ್ಬಿಗೂ ಮೂರನೇ ಜ್ವರದ ಹೊತ್ತಿನಿಂದ ಒಂದು ತೆಳು ಪರದೆ ಹೊದಿಸಿದರೆ ಆಯಿತು.

ಒಂದು ಬೆಳಗ್ಗೆ ಹುಳು ಮತ್ತೆ ಮೇವು ಬಿಡುತ್ತದೆ. ಈ ಸಲ ಜ್ವರವಲ್ಲ. ಮೈ ಕುಗ್ಗಿ, ಬಾಳೆಹಣ್ಣಿನ ತಿರುಳಿನಂತೆ ಹಳದಿಗಟ್ಟಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ತಿಳಿಯಾಗಿ ಕಾಣುತ್ತದೆ. ಹುಳು ಹಣ್ಣಾಗಿದೆ. ತಲೆ ಎತ್ತಿ ತಟ್ಟೆಯ ಅಂಚಿನತ್ತ ಹೊರಡುತ್ತದೆ, ಮೂಲೆ ಹುಡುಕುತ್ತದೆ. ಹಣ್ಣು ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡುವ ದಿನ ರೇಷ್ಮೆ ಮನೆಗಳಲ್ಲಿ ಹಬ್ಬದ ಧಾವಂತ. ನೆರೆಮನೆಯವರೂ ಕೈ ಹಚ್ಚುತ್ತಿದ್ದರು. ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೆಣೆದ ಚಂದ್ರಿಕೆಯಲ್ಲಿ ಸಾವಿರದಷ್ಟು ಹುಳು ಹಿಡಿಸುತ್ತವೆ. ಮನೆಗೆ ಕೋಳಿಮೊಟ್ಟೆ ಇಡುವ ರಟ್ಟಿನ ಟ್ರೇ ಸಾಕು, ಇಲ್ಲವೇ ಕಡಲೆಕಾಯಿ ಪೊಟ್ಟಣದಂತೆ ಸುತ್ತಿದ ಕಾಗದ.

ಹುಳು ಮೊದಲು ಸುತ್ತಲಿಗೆ ಜೇಡನಂತೆ ನಾಲ್ಕು ಎಳೆ ಎಳೆದು ಜಾಗ ಭದ್ರಪಡಿಸಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಉಳಿದದ್ದನ್ನೆಲ್ಲ ಹೊರಗೆ ಬಿಟ್ಟು ಹಗುರಾಗುತ್ತದೆ. ಆಮೇಲೆ ತಲೆಯನ್ನು ಇಂಗ್ಲಿಷಿನ ಎಂಟರ ಅಂಕಿಯಂತೆ ತಿರುಗಿಸುತ್ತಾ ಎರಡು ಮೂರು ದಿನ ಬಿಡದೆ ನೂಲುತ್ತದೆ. ಮೊದಲ ಸಂಜೆ ತೆಳು ಪರದೆಯ ಹಿಂದೆ ಅದರ ನೆರಳು ಕಾಣುತ್ತದೆ, ಮರುದಿನ ಕಾಣುವುದಿಲ್ಲ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಎಲ್ಲೂ ತುಂಡಾಗದ ಒಂದೇ ಎಳೆ ಒಂದು ಕಿಲೋಮೀಟರಿಗೆ ಹತ್ತಿರ, ಕೆಲವೊಮ್ಮೆ ಅದಕ್ಕೂ ಮಿಕ್ಕಿ ಉದ್ದವಿರುತ್ತದೆ. ಅಷ್ಟೂ ಎಳೆ ಒಂದು ತಿಂಗಳ ಹಿಂದೆ ಗಿಡದ ಮೇಲಿದ್ದ ಸೊಪ್ಪು.

ರೈತನ ಗೂಡು ಐದಾರು ದಿನಕ್ಕೆ ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಎಳೆ ತುಂಡಾಗದಂತೆ ಬಿಚ್ಚಲು ಒಳಗೆ ಕೋಶವಾಗಿ ಮಲಗಿರುವ ಹುಳುವನ್ನು ಬಿಸಿಯಲ್ಲಿ ಕೊಲ್ಲಬೇಕಾಗುತ್ತದೆ. ಈ ಸತ್ಯವನ್ನು ಮಕ್ಕಳಿಂದ ಮುಚ್ಚಿಡುವ ಅಗತ್ಯವಿಲ್ಲ. ಮನೆಯಲ್ಲಿ ಸಾಕಿದವರು ಗೂಡನ್ನು ಹಾಗೆಯೇ ಬಿಡಬಹುದು. ಹತ್ತು ಹನ್ನೆರಡು ದಿನ ಕಳೆದ ಮೇಲೆ, ಸಾಮಾನ್ಯವಾಗಿ ನಸುಕಿನಲ್ಲಿ, ಗೂಡಿನ ಒಂದು ತುದಿ ಒದ್ದೆಯಾಗುತ್ತದೆ. ಬಾಯಿಯಿಂದ ಒಸರುವ ರಸದಿಂದ ಎಳೆಗಳ ಅಂಟು ಕರಗಿಸಿ, ಎಳೆಗಳನ್ನು ಅತ್ತಿತ್ತ ಸರಿಸಿ, ಬಿಳಿಯ ಪತಂಗ ಹೊರಬರುತ್ತದೆ. ಆ ಬಾಯಿಂದ ತಿನ್ನಲು ಮಾತ್ರ ಆಗದು. ಮರಿಯಾಗಿದ್ದಾಗ ಉಂಡ ಸೊಪ್ಪೇ ಇನ್ನುಳಿದ ಕೆಲವು ದಿನಗಳ ಬುತ್ತಿ.

ಹೆಣ್ಣು ಕೂತಲ್ಲೇ ಕೂತು ಹೊಟ್ಟೆಯ ತುದಿಯಿಂದ ಒಂದು ವಾಸನೆ ಬಿಡುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದಿಲ್ಲ. ಗಂಡು ರೆಕ್ಕೆ ಪಟಪಟ ಬಡಿಯುತ್ತಾ ಸುತ್ತಿ ಸುತ್ತಿ ಹುಡುಕಿಕೊಂಡು ಬರುತ್ತದೆ. ಬಾಂಬಿಕಾಲ್ ಎಂಬ ಈ ವಸ್ತುವನ್ನು 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಬೇರ್ಪಡಿಸಿದಾಗ ಅದಕ್ಕೆ ಬೇಕಾದದ್ದು ಐದು ಲಕ್ಷ ಹೆಣ್ಣು ಪತಂಗ. ಕೀಟಗಳು ಹೀಗೆ ಕರೆ ಕಳಿಸಲು ಬಳಸುವ ವಸ್ತುಗಳಲ್ಲಿ ವಿಜ್ಞಾನದ ಕೈಗೆ ಸಿಕ್ಕ ಮೊದಲನೆಯದು ಅದು. ಆ ಕರೆಯ ಬಲವನ್ನು ಅದಕ್ಕೂ ಮುಂಚೆ ಮನೆಯಲ್ಲೇ ಕಂಡವನು ಫಾಬ್ರ್. ಒಂದು ಮೇ 6ರ ಬೆಳಗ್ಗೆ ಅವನ ಮೇಜಿನ ಮೇಲೆ ಗ್ರೇಟ್ ಪೀಕಾಕ್ ಜಾತಿಯ ಹೆಣ್ಣು ಪತಂಗ ಗೂಡಿನಿಂದ ಹೊರಬಂತು. ಅದನ್ನು ತಂತಿ ಬಲೆಯಡಿ ಇಟ್ಟ. ಆ ರಾತ್ರಿ ಎಲ್ಲೆಲ್ಲಿಂದಲೋ ಸುಮಾರು 40 ಗಂಡುಗಳು ತೆರೆದ ಕಿಟಕಿಗಳಿಂದ ನುಗ್ಗಿ ಮನೆಯೆಲ್ಲ ತುಂಬಿದವು. ಎಂಟು ರಾತ್ರಿಗಳಲ್ಲಿ ಬಂದವು 150.

ಹಿಪ್ಪುನೇರಳೆ ಸಿಗದವರು ನಿರಾಶರಾಗಬೇಕಿಲ್ಲ. ಬೆಳಗ್ಗೆ ಪೂಜೆಗೆ ನಂದಿಬಟ್ಟಲು ಕೀಳುವವರು ಗಿಡದ ಕೆಳಗಿನ ಕಲ್ಲಿನ ಮೇಲೆ ಕಾಳುಮೆಣಸಿನಂಥ ಹಿಕ್ಕೆ ಬಿದ್ದಿರುವುದನ್ನು ಕಂಡಿರಬಹುದು. ತಲೆ ಎತ್ತಿ ಹುಡುಕಿದರೆ ಬೆರಳುದ್ದದ ಹಸಿರು ಹುಳು. ಹೆದರಿಸಿದರೆ ತಲೆ ಒಳಗೆಳೆದುಕೊಂಡು ಬೆನ್ನಿನ ಮೇಲಿನ ಎರಡು ನೀಲಿ ಕಣ್ಚುಕ್ಕೆ ತೋರಿಸುತ್ತದೆ. ಇದು ಕಣಗಿಲೆ ಪತಂಗದ ಮರಿ. ಡಾಫ್ನಿಸ್ ನೀರಿಯೈ ಎಂಬುದು ಶಾಸ್ತ್ರೀಯ ಹೆಸರು. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ ಇದರ ಮೇವು. ದನಕರುಗಳಿಗೆ ವಿಷವಾಗುವ ಕಣಗಿಲೆ ಇದಕ್ಕೆ ಊಟ.

ಬೆಳೆದ ಹುಳುವನ್ನು ತಂದು ಸಾಕುವುದಕ್ಕಿಂತ ಮೊಟ್ಟೆಯಿಂದ ಸಾಕುವುದು ಯಾಕೆ ಮೇಲೆಂಬುದು ಇಂಥ ಕಾಡು ಹುಳುಗಳಲ್ಲಿ ತಿಳಿಯುತ್ತದೆ. ತೋಟದಲ್ಲಿ ದೊಡ್ಡದಾದ ಹುಳುವಿನೊಳಗೆ ಎಷ್ಟೋ ಸಲ ಊಜಿಯಂಥದೇ ನೊಣದ ಅಥವಾ ಸಣ್ಣ ಕಣಜದ ಮರಿಗಳು ಆಗಲೇ ಮನೆ ಮಾಡಿರುತ್ತವೆ. ಹದಿನೈದು ದಿನ ಸೊಪ್ಪು ಹಾಕಿ ಕಾದವರ ಎದುರಿಗೆ ಕೋಶದಿಂದ ನೊಣ ಹೊರಬರುತ್ತದೆ. ಚಿಗುರೆಲೆಯ ಮೇಲೆ ಒಂಟಿಯಾಗಿ ಅಂಟಿರುವ, ಸಾಸಿವೆಯಷ್ಟು ದೊಡ್ಡ, ಹೊಳೆಯುವ ತಿಳಿಹಸಿರು ಮೊಟ್ಟೆಯನ್ನು ಎಲೆ ಸಮೇತ ತಂದರೆ ಆ ಅಪಾಯ ಬಹಳ ಕಡಿಮೆ. ಮೊದಲ ದಿನಗಳಲ್ಲಿ ಮರಿಗೆ ಮೈಗಿಂತ ಬಾಲದ ಕರಿ ಕೋಡೇ ಎದ್ದು ಕಾಣುತ್ತದೆ.

ಸಾಕುವ ಕ್ರಮ ರೇಷ್ಮೆಯದೇ: ತಾಜಾ ಸೊಪ್ಪು, ಒಣ ಹಾಸಿಗೆ, ಜ್ವರದಲ್ಲಿ ಮುಟ್ಟದಿರುವುದು. ವ್ಯತ್ಯಾಸ ಎರಡು. ಇದು ಅಲೆಯುತ್ತದೆ, ಆದ್ದರಿಂದ ಪರದೆಯ ಮುಚ್ಚಳ ಬೇಕು. ಇದು ಚಂದ್ರಿಕೆ ಕೇಳುವುದಿಲ್ಲ, ನೆಲ ಕೇಳುತ್ತದೆ. ಹಸಿರು ಹುಳು ಕಂದಾಗಿ ಡಬ್ಬಿಯ ತಳದಲ್ಲಿ ಸುತ್ತತೊಡಗಿದಾಗ ಎರಡು ಬೆರಳು ದಪ್ಪಕ್ಕೆ ಸಡಿಲ ಮಣ್ಣು, ಮೇಲೆ ಒಣಗಿದ ಎಲೆ ಹಾಸಬೇಕು. ಅದರಡಿ ಕೋಶವಾಗುತ್ತದೆ. ಪತಂಗ ಹೊರಬಂದಾಗ ಹತ್ತಿ ನೇತಾಡಲು ಒರಟು ಕಡ್ಡಿಯೊಂದು ನಿಲ್ಲಿಸಿರಬೇಕು. ನೇತಾಡಲು ಜಾಗ ಸಿಗದಿದ್ದರೆ ರೆಕ್ಕೆ ಸುಕ್ಕಾಗಿಯೇ ಒಣಗಿಹೋಗುತ್ತದೆ. ಹಸಿರಿನಲ್ಲಿ ಗುಲಾಬಿ, ಬಿಳಿ ಬೆರೆತ ಆ ರೆಕ್ಕೆ ಬಲಿತ ಸಂಜೆಗೆ ಅದನ್ನು ಮೊಟ್ಟೆ ತಂದ ಗಿಡದ ಹತ್ತಿರವೇ ಬಿಡುವುದು ನ್ಯಾಯ.

ಕಂಡ ಹುಳುವನ್ನೆಲ್ಲ ಮನೆಗೆ ತರುವಂತಿಲ್ಲ. ನುಗ್ಗೆ ಮರದ ಕಾಂಡಕ್ಕೆ ಗುಂಪಾಗಿ ಅಂಟುವ ಕಂಬಳಿಹುಳು ಕೂಡ ಪತಂಗದ ಮರಿಯೇ. ಅದರ ರೋಮ ತಾಗಿದರೆ ಮೈ ದದ್ದೇಳುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಕೆಡುಕು. ಅದನ್ನು ದೂರದಿಂದ ನೋಡಿದರೆ ಸಾಕು. ದೂರದ ದೇಶಗಳ ಮೊಟ್ಟೆ ತರಿಸಿ ಸಾಕುವುದಂತೂ ಎಂದಿಗೂ ಕೂಡದು. 1860ರ ದಶಕದ ಕೊನೆಗೆ ಅಮೆರಿಕದ ಮೆಡ್‌ಫರ್ಡ್ ಪಟ್ಟಣದಲ್ಲಿ ಎಟಿಯೆನ್ ಲಿಯೊಪಾಲ್ಡ್ ಟ್ರೂವೆಲೋ ಎಂಬ ಹವ್ಯಾಸಿ ಯುರೋಪಿನಿಂದ ಸ್ಪಂಜಿ ಪತಂಗದ ಮೊಟ್ಟೆ ತಂದು ಹಿತ್ತಲಲ್ಲಿ ಸಾಕುತ್ತಿದ್ದ. ಕೆಲವು ಮರಿ ತಪ್ಪಿಸಿಕೊಂಡವು. ಇದು ಒಂದೇ ಗಿಡಕ್ಕೆ ಅಂಟಿಕೊಂಡ ಹುಳುವಲ್ಲ, ಓಕ್ ಸೇರಿದಂತೆ ನೂರಾರು ಬಗೆಯ ಮರಗಳ ಎಲೆ ತಿನ್ನುತ್ತದೆ. ಇಪ್ಪತ್ತು ವರ್ಷದಲ್ಲಿ ಆ ಪಟ್ಟಣದ ಮರಗಳು ಬೋಳಾದವು. ಅಮೆರಿಕದ ಕಾಡುಗಳು ಇಂದಿಗೂ ಅದರ ಕಾಟ ಅನುಭವಿಸುತ್ತಿವೆ.

ರೇಷ್ಮೆ ಪತಂಗ ಮೊಟ್ಟೆ ಇಡುವುದನ್ನು ನೋಡಬೇಕೆಂದರೆ ಜೊತೆ ಬಿಡಿಸಿದ ಹೆಣ್ಣನ್ನು ಒಂದು ಹಾಳೆಯ ಮೇಲೆ ಬಿಟ್ಟು ಲೋಟ ಬೋರಲು ಹಾಕಬೇಕು. ರಾತ್ರಿಯಿಡೀ ಹೊಟ್ಟೆಯ ತುದಿಯಿಂದ ಜಾಗ ತಡವುತ್ತಾ, ಒಂದರ ಮೇಲೊಂದು ಬೀಳದಂತೆ, ಸಾಲಾಗಿ ಅಂಟಿಸುತ್ತದೆ. ಬೆಳಗ್ಗೆ ಲೋಟ ಎತ್ತಿದರೆ ಹಾಳೆಯ ಮೇಲೆ ದುಂಡಗಿನ ಹಳದಿ ಮಚ್ಚೆ. ಅದು ಮತ್ತೆ ನಾನೂರು ಬಾಯಿಗಳ ಲೆಕ್ಕ.

ಅಷ್ಟರಲ್ಲಿ ಗಿಡ ಬೋಳಾಗಿರುತ್ತದೆ. ಕೊನೆಯ ವಾರದ ಹಸಿವಿಗೆ ತುದಿಯವರೆಗೂ ಕೊಟ್ಟು ಮುಗಿಸಿದ ಹಿಪ್ಪುನೇರಳೆಯನ್ನು ಬುಡದಿಂದ ಒಂದಡಿ ಬಿಟ್ಟು ಸವರಿ, ಗೊಬ್ಬರ ಹಾಕಿ, ನೀರು ಕೊಡುತ್ತಾರೆ. ಸವರಿದ ರೆಂಬೆಗಳಲ್ಲಿ ಮೂರು ನಾಲ್ಕು ಕಣ್ಣಿರುವ ಗೇಣುದ್ದದ ಕಡ್ಡಿ ಕತ್ತರಿಸಿ ಮಣ್ಣಿಗೆ ಚುಚ್ಚಿದರೆ ಅದೂ ಬೇರು ಬಿಡುತ್ತದೆ. ಹುಳುವಿಗೆ ಕೊಡುವಷ್ಟು ಸೊಪ್ಪು ಗಿಡದಲ್ಲಿ ಮತ್ತೆ ತುಂಬಲು ಎರಡು ತಿಂಗಳು ಹಿಡಿಯುತ್ತದೆ. ಮೊಟ್ಟೆ ಹಾಳೆಯನ್ನು ತಣ್ಣನೆಯ ಕಪಾಟಿನಲ್ಲಿಟ್ಟು, ಅದು ಬೂದಾಗಿ ಮಲಗುವುದೋ ನೀಲಿಗಟ್ಟಿ ಒಡೆಯುವುದೋ ಎಂದು ದಿನಾ ಇಣುಕುವ ಮಕ್ಕಳು ಈಗ ಕಪಾಟಿನಿಂದ ನೇರ ಹಿತ್ತಲಿಗೆ ಓಡುತ್ತಾರೆ, ಸವರಿದ ಗಿಡದಲ್ಲಿ ಕಣ್ಣು ಒಡೆದಿದೆಯೇ ಎಂದು ನೋಡಲು.